ಕಾಡಿನ ಶಿಲ್ಪಹಾದಿಗೆ ಅಪ್ಪನನ್ನು ಕರೆದುಕೊಂಡು ಹೋಗಬೇಕು, ಹೇಗೆ ನೋಡಿದರೆ ಚೆನ್ನ?

ಸಂಜೆನಡಿಗೆ:

ನಮಸ್ಕಾರ. ಮುಂದಿನ ತಿಂಗಳು ಅಪ್ಪನನ್ನು ಒಂದು ಸಾರ್ವಜನಿಕ ಕಾಡಿನ ಶಿಲ್ಪಹಾದಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಇಂಥ ಹಾದಿಗಳಲ್ಲಿ ಓಡಾಡಿದವರು, ಅಲ್ಲಿನ ಕೃತಿಗಳನ್ನು ನೋಡಿಕೊಳ್ಳುವ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಕಳೆದ ವರ್ಷ ನಾನೊಬ್ಬನೇ ಅಲ್ಲಿಗೆ ಹೋಗಿದ್ದೆ. 5 ಕಿಲೋಮೀಟರ್ ಸುತ್ತು, ನಕ್ಷೆಯಲ್ಲಿ 16 ಕೃತಿಗಳು. ಎರಡು ಗಂಟೆಯೊಳಗೆ ಎಲ್ಲವನ್ನೂ ಮುಗಿಸಬೇಕೆಂದು ಹಟ ಹಿಡಿದು ನಡೆದೆ. 11 ಸಿಕ್ಕವು. ಪ್ರತಿಯೊಂದರ ಎದುರು ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದು, ಫಲಕ ಓದಿ, ಮುಂದಿನದಕ್ಕೆ ಹೊರಟೆ. ಮನೆಗೆ ಬಂದು ಚಿತ್ರಗಳನ್ನು ನೋಡಿದರೆ ಅವುಗಳಲ್ಲಿ ಅರ್ಧದಷ್ಟು ಎಲ್ಲಿ ಕಂಡದ್ದೆಂದೇ ನೆನಪಿಗೆ ಬರಲಿಲ್ಲ. ಚೆನ್ನಾಗಿ ನೆನಪಿರುವುದು ಒಂದೇ ಒಂದು. ಬೂಟಿನ ದಾರ ಬಿಚ್ಚಿಹೋಗಿತ್ತೆಂದು ಒಂದು ಉದ್ದನೆಯ ಕಲ್ಲಿನ ಪಕ್ಕದಲ್ಲಿ ಕುಳಿತಿದ್ದೆ. ಕಟ್ಟಿ ಏಳುವಾಗ ನೋಡಿದರೆ ಆ ಕಲ್ಲಿನ ಮೇಲೆಲ್ಲ ಸಣ್ಣ ಸಣ್ಣ ಬಟ್ಟಲುಗಳನ್ನು ಕೊರೆದಿದ್ದರು. ಪ್ರತಿ ಬಟ್ಟಲಿನಲ್ಲೂ ಒಂದು ತುತ್ತು ಮಳೆನೀರು, ಆ ನೀರಿನಲ್ಲಿ ಮೇಲಿನ ಕೊಂಬೆಗಳು. ದಾರ ಬಿಚ್ಚಿರದಿದ್ದರೆ ಅದು ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ.

ಈಗ ಅಪ್ಪನ ವಿಷಯ. ಅವರಿಗೆ 71 ವರ್ಷ. ನಲವತ್ತು ವರ್ಷಕ್ಕೂ ಮೇಲ್ಪಟ್ಟು ಬಡಗಿ ಕೆಲಸ ಮಾಡಿದವರು. ಮಂಡಿ ನೋವಿದೆ. ನಡುನಡುವೆ ಕುಳಿತರೆ ಎರಡು ಕಿಲೋಮೀಟರ್ ನಡೆಯಬಲ್ಲರು. ನಾನು ತೆಗೆದ ಚಿತ್ರಗಳನ್ನು ತೋರಿಸಿದಾಗ ಅವರು ಕಲೆಯ ಮಾತೇ ಎತ್ತಲಿಲ್ಲ. "ಇಷ್ಟು ಒಳ್ಳೆಯ ಮರವನ್ನು ಮಳೆಗೆ ಬಿಟ್ಟಿದ್ದಾರಲ್ಲ, ಎಷ್ಟು ದಿನ ಬಾಳೀತು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಆ ಪ್ರಶ್ನೆ ಕೇಳುವಾಗ ಅವರ ಮುಖದಲ್ಲಿ, ಕೆಲಸ ಬಿಟ್ಟ ಮೇಲೆ ನಾನು ಕಂಡಿರದ ಒಂದು ಆಸಕ್ತಿ ಇತ್ತು. ಅದಕ್ಕೇ ಅವರನ್ನು ಕರೆದುಕೊಂಡು ಹೋಗಲೇಬೇಕು ಎನಿಸಿದೆ.

ಎಷ್ಟು ಕೃತಿಗಳನ್ನು ನೋಡುವುದು, ಯಾವ ಹೊತ್ತಿಗೆ ಹೋಗುವುದು, ಮುಟ್ಟಬಹುದೋ ಬಾರದೋ, ಮತ್ತು ಅಪ್ಪನ ಪ್ರಶ್ನೆಗೆ ಏನು ಹೇಳುವುದು? ನಿಮಗೆ ತೋಚಿದ್ದನ್ನು ಬರೆಯಿರಿ.


ನಕ್ಷೆಮಡಿಕೆ:

ನಾಲ್ಕು ಕೃತಿ ಸಾಕು. ಐದನೆಯದು ದಾರಿಯಲ್ಲಿ ತಾನಾಗಿ ಸಿಕ್ಕರೆ ಸಂತೋಷ. ಹದಿನಾರನ್ನೂ ನೋಡಿ ಮುಗಿಸುವ ಹಂಬಲವನ್ನು ಮನೆಯಲ್ಲೇ ಬಿಟ್ಟು ಹೊರಡಿ.

ಹೊರಡುವ ಮುಂಚೆ ಆ ಕಾಡಿನ ಕಚೇರಿಗೆ ಫೋನ್ ಮಾಡಿ ಎರಡು ಮಾತು ಕೇಳಿ. ನಕ್ಷೆಯಲ್ಲಿರುವ ಕೃತಿಗಳಲ್ಲಿ ಈಗ ಯಾವುದನ್ನಾದರೂ ತೆಗೆದಿದ್ದಾರೆಯೇ? ಮರ ಕಡಿಯುವ ಕೆಲಸಕ್ಕಾಗಿ ಯಾವುದಾದರೂ ದಾರಿ ಮುಚ್ಚಿದೆಯೇ? ಇಂಥ ಕಾಡುಗಳು ಬಹಳಷ್ಟು ಕಡೆ ಮರಕ್ಕೆಂದೇ ಬೆಳೆಸಿದವು. ಶಿಲ್ಪಗಳು ಅಲ್ಲಿಗೆ ಆಮೇಲೆ ಬಂದ ನೆಂಟರು. ನಾನು ಒಮ್ಮೆ ಹಳೆಯ ನಕ್ಷೆಯನ್ನು ನಂಬಿ ಮುಕ್ಕಾಲು ಗಂಟೆ ಹುಡುಕಿದ ಕೃತಿಯ ಜಾಗದಲ್ಲಿ ನಾಲ್ಕು ಬೋಲ್ಟುಗಳು ಮಾತ್ರ ನೆಲದಿಂದ ತಲೆ ಎತ್ತಿದ್ದವು. ಮಂಡಿ ನೋವಿನವರನ್ನು ಹಾಗೆ ಅಲೆಸಬಾರದು.

ಏರು ಎಲ್ಲಿದೆ ಎಂದೂ ಕೇಳಿ. ಮಂಡಿ ನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ತ್ರಾಸ. ಆದ್ದರಿಂದ ಕಡಿದಾದ ಕಡೆ ಹತ್ತಿ, ಸಾವಕಾಶದ ಇಳಿಜಾರಿನಲ್ಲಿ ಇಳಿಯುವ ಹಾಗೆ ದಿಕ್ಕು ಆರಿಸಿಕೊಳ್ಳಿ. ಫಲಕಗಳ ಅಂಕೆ ಹಿಂದುಮುಂದಾದರೆ ಆಗಲಿ, ಅದರಿಂದ ಏನೂ ಕೆಡುವುದಿಲ್ಲ. ಮಡಚುವ ಒಂದು ಸ್ಟೂಲ್ ಹಿಡಿದುಕೊಂಡು ಹೋಗಿ. ಕಾಡಿನಲ್ಲಿ ಬೆಂಚು ಇರುವ ಜಾಗವೂ ಶಿಲ್ಪ ಇರುವ ಜಾಗವೂ ಒಂದೇ ಆಗಿರುವುದು ಅಪರೂಪ. ಸ್ಟೂಲ್ ಇದ್ದರೆ ಎಲ್ಲಿ ನೋಡಬೇಕೋ ಅಲ್ಲೇ ಕುಳಿತುಕೊಳ್ಳಬಹುದು.

ಹೊತ್ತಿನ ಬಗ್ಗೆ ಹೇಳುವುದಾದರೆ ಬೆಳಗ್ಗೆ ಬೇಗ, ಇಲ್ಲವೇ ಸಂಜೆ. ನಡುಮಧ್ಯಾಹ್ನದ ಬಿಸಿಲು ಎಲೆಗಳ ನಡುವಿನಿಂದ ಚುಕ್ಕೆಚುಕ್ಕೆಯಾಗಿ ಬಿದ್ದು ಕೆತ್ತನೆಯ ಉಬ್ಬುತಗ್ಗನ್ನೆಲ್ಲ ಮರೆಸಿಬಿಡುತ್ತದೆ. ಬೆಳಕು ಓರೆಯಾಗಿ ಬಂದಾಗ ಉಳಿಯ ಒಂದೊಂದು ಏಟೂ ಎದ್ದು ಕಾಣುತ್ತದೆ. ಕೆಲವು ಕೃತಿಗಳಿಗಂತೂ ಬೆಳಕೇ ಜೀವ. ಇಂಗ್ಲೆಂಡಿನ ಡೀನ್ ಕಾಡಿನ ಶಿಲ್ಪಹಾದಿಗೆ ಕೆವಿನ್ ಆ್ಯಥರ್ಟನ್ 1986ರಲ್ಲಿ 'ಕೆಥೀಡ್ರಲ್', ಅಂದರೆ ದೊಡ್ಡ ಚರ್ಚು, ಎಂಬ ಕೃತಿ ಮಾಡಿದರು. ಮರಗಳ ನಡುವೆ ಎತ್ತರದಲ್ಲಿ ತೂಗುಹಾಕಿದ ಬಣ್ಣದ ಗಾಜಿನ ಕಿಟಕಿ ಅದು. ಗೋಡೆಯಿಲ್ಲ, ಚಾವಣಿಯಿಲ್ಲ. ಸೂರ್ಯ ಅದರ ಹಿಂದೆ ಬಂದಾಗಲೇ ಬಣ್ಣಕ್ಕೆ ಕಳೆ, ಮೋಡ ಮುಚ್ಚಿದರೆ ಕಪ್ಪು ಚೌಕಟ್ಟು. ಅಂಥದ್ದೇನಾದರೂ ನಿಮ್ಮ ಹಾದಿಯಲ್ಲಿದ್ದರೆ ಮಿಕ್ಕ ನಡಿಗೆಯನ್ನು ಅದರ ಹೊತ್ತಿಗೆ ಹೊಂದಿಸಿಕೊಳ್ಳಿ.

ಜೋರು ಗಾಳಿ ಬೀಸಿದ ದಿನವೂ ಅದರ ಮರುದಿನವೂ ಹೋಗಬೇಡಿ. ಮುರಿದು ಮೇಲೆಯೇ ಸಿಕ್ಕಿಕೊಂಡ ಕೊಂಬೆ ಯಾವಾಗ ಬೀಳುತ್ತದೆಂದು ಹೇಳಲಾಗದು.


ಚೇಗು:

ನಿಮ್ಮ ತಂದೆಯ ಪ್ರಶ್ನೆ ಓದಿ ಬರೆಯದೆ ಇರಲಾಗಲಿಲ್ಲ. ಇಂಥದ್ದೊಂದು ಹಾದಿಯಲ್ಲಿ ಆರು ವರ್ಷ, ತಿಂಗಳಿಗೆ ಎರಡು ದಿನ, ಕೃತಿಗಳ ನಿಗಾ ನೋಡುವ ಸ್ವಯಂಸೇವಕನಾಗಿದ್ದೆ. ನನ್ನ ಕೆಲಸವೆಂದರೆ ಮರದ ಬುಡದ ಎಲೆಗಳನ್ನು ಗುಡಿಸುವುದು, ತೆಳ್ಳನೆಯ ಒಂದು ಕಬ್ಬಿಣದ ಕಡ್ಡಿಯಿಂದ ಒತ್ತಿ ಎಲ್ಲಿ ಮೆತ್ತಗಾಗಿದೆ ಎಂದು ಗುರುತು ಹಾಕುವುದು. ನಿಮ್ಮ ತಂದೆ ಕೇಳಿದ್ದನ್ನೇ ನಾವು ಪ್ರತಿ ತಿಂಗಳೂ ಕೇಳಿಕೊಳ್ಳುತ್ತಿದ್ದೆವು.

ಎಷ್ಟು ದಿನ ಬಾಳುತ್ತದೆ ಎಂಬುದು ನೀರು ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲಿದೆ. ಕೊಳೆಸುವ ಶಿಲೀಂಧ್ರಕ್ಕೆ ನೀರು, ಗಾಳಿ ಎರಡೂ ಬೇಕು. ಮರದ ತೇವಾಂಶ ಸುಮಾರು 20 ಶೇಕಡಕ್ಕಿಂತ ಕೆಳಗಿದ್ದರೆ ಅದು ಹಬ್ಬಲಾರದು. ಪೂರ್ತಿ ನೀರಿನಲ್ಲಿ ಮುಳುಗಿದ ಮರಕ್ಕೆ ಗಾಳಿ ತಾಗುವುದಿಲ್ಲ, ಹಾಗಾಗಿ ಅದು ಬಹುಕಾಲ ಉಳಿಯುತ್ತದೆ. ಮಳೆ ಬಿದ್ದು ಬೇಗ ಒಣಗುವ ಮರವೂ ಉಳಿಯುತ್ತದೆ. ಸಾಯುವುದು ಮಣ್ಣಿನ ಅಂಚು, ನೆಲಕ್ಕಿಂತ ನಾಲ್ಕು ಬೆರಳು ಮೇಲೆ, ನಾಲ್ಕು ಬೆರಳು ಕೆಳಗೆ. ಅಲ್ಲಿ ಎರಡೂ ಸದಾ ಸಿಗುತ್ತವೆ. ಬೇಲಿಯ ಕಂಬ ಮುರಿಯುವುದು ಎಲ್ಲಿ ಎಂದು ನಿಮ್ಮ ತಂದೆಯನ್ನು ಕೇಳಿ ನೋಡಿ. ಅಡ್ಡ ಕೊಯ್ದ ತುದಿಗಳೂ ಅಷ್ಟೇ, ಎಳೆಗಳ ಬಾಯಿ ತೆರೆದಿರುವುದರಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಒಳ್ಳೆಯ ಶಿಲ್ಪಿ ಆ ತುದಿಯನ್ನು ಇಳಿಜಾರಾಗಿ ಕೊಯ್ದಿರುತ್ತಾನೆ ಇಲ್ಲವೇ ಸೀಸದ ಅಥವಾ ತಾಮ್ರದ ಟೋಪಿ ತೊಡಿಸಿರುತ್ತಾನೆ.

ಕೊಳೆಯುವಿಕೆಯಲ್ಲೂ ಬಗೆಗಳಿವೆ. ಮರ ಕಂದಾಗಿ, ಒಣಗಿದ ಕೆರೆಯ ತಳದಂತೆ ಚೌಕಚೌಕವಾಗಿ ಬಿರಿದು, ಬೆರಳಲ್ಲಿ ಹಿಸುಕಿದರೆ ಪುಡಿಯಾದರೆ ಅದು ಕಂದು ಕೊಳೆ. ಅದು ನಾರನ್ನು ತಿಂದು ಲಿಗ್ನಿನ್ ಎಂಬ ಅಂಟನ್ನು ಬಿಟ್ಟಿರುತ್ತದೆ. ಬೆಳ್ಳಗಾಗಿ ಎಳೆಎಳೆಯಾಗಿ ಬಿಡಿಸಿಕೊಂಡು ಬಂದರೆ ಬಿಳಿ ಕೊಳೆ. ಅದು ಲಿಗ್ನಿನನ್ನೂ ಬಿಡುವುದಿಲ್ಲ. ಮೇಲ್ಮೈ ಬರೀ ಬೂದಿಬಣ್ಣಕ್ಕೆ ತಿರುಗಿದ್ದರೆ ಹೆದರಬೇಡಿ. ಬಿಸಿಲು ಮೇಲ್ಪದರದ ಲಿಗ್ನಿನನ್ನು ಒಡೆಯುತ್ತದೆ, ಮಳೆ ಅದನ್ನು ತೊಳೆಯುತ್ತದೆ. ಕೂದಲೆಳೆಯಷ್ಟು ಕೆಳಗೆ ಮರ ಹಾಗೆಯೇ ಗಟ್ಟಿಯಾಗಿರುತ್ತದೆ.

ಈಗ ಇನ್ನೊಂದು ಮಾತು. ನನಗೆ ಇದು ಅರ್ಥವಾಗಲು ಎರಡು ವರ್ಷ ಹಿಡಿಯಿತು. ಎಲ್ಲ ಕೃತಿಗಳೂ ಉಳಿಯಲೆಂದು ಮಾಡಿದವಲ್ಲ. ಡೀನ್ ಕಾಡಿನಲ್ಲೇ ಡೇವಿಡ್ ನ್ಯಾಶ್ 1986ರಲ್ಲಿ 'ಬ್ಲ್ಯಾಕ್ ಡೋಮ್' ಮಾಡಿದರು. ಚೂಪು ಮಾಡಿ ಬೆಂಕಿಯಲ್ಲಿ ಸುಟ್ಟು ಕಪ್ಪಾಗಿಸಿದ 900 ಲಾರ್ಚ್ ಮರದ ಗೂಟಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಗುಮ್ಮಟದ ಆಕಾರ ಕೊಟ್ಟರು. ಆ ಕಾಡಿನಲ್ಲಿ ಹಿಂದೆ ಇದ್ದಿಲು ಸುಡುತ್ತಿದ್ದವರ ಒಟ್ಟಿಲುಗಳ ನೆನಪು ಅದು. ಮೆಲ್ಲಗೆ ಕೊಳೆತು, ಎಲೆ ಬಿದ್ದು, ಹುಲ್ಲು ಹಬ್ಬಿ ಕೊನೆಗೆ ನೆಲದ ಒಂದು ಉಬ್ಬಾಗಲಿ ಎಂಬುದೇ ಮಾಡಿದವರ ಇಚ್ಛೆ. ಇಟಲಿಯ ವಲ್ಸುಗಾನ ಕಣಿವೆಯ ಆರ್ಟೆ ಸೆಲ್ಲಾ ಎಂಬ ಬಯಲು ಕಲಾತಾಣದಲ್ಲಿ ಜೂಲಿಯಾನೊ ಮೌರಿ 2001ರಲ್ಲಿ ಕಟ್ಟಿದ 'ಗಿಡಗಳ ಕೆಥೀಡ್ರಲ್' ಇನ್ನೂ ಸೊಗಸು. ಕೊಂಬೆಗಳನ್ನು ಹೆಣೆದು 80 ಕಂಬ ಮಾಡಿ, ಪ್ರತಿ ಕಂಬದ ಹೊಟ್ಟೆಯೊಳಗೆ ಒಂದೊಂದು ಹಾರ್ನ್‌ಬೀಮ್ ಸಸಿ ನೆಟ್ಟರು. ಹೆಣೆದ ಕಂಬ ಕೊಳೆತು ಬೀಳುವ ಹೊತ್ತಿಗೆ ಒಳಗಿನ ಮರ ತಾನೇ ಕಂಬವಾಗಬೇಕು. ಹಸಿ ಕಾಂಕ್ರೀಟಿಗೆ ಕೊಡುವ ಹಲಗೆಯ ಅಚ್ಚಿನ ಹಾಗೆ ಎಂದು ನಿಮ್ಮ ತಂದೆಗೆ ಹೇಳಿದರೆ ಒಂದೇ ಮಾತಿಗೆ ತಿಳಿಯುತ್ತದೆ. 2018ರ ಅಕ್ಟೋಬರ್ ಕೊನೆಯಲ್ಲಿ ವಾಯಾ ಬಿರುಗಾಳಿ ಆ ಕಣಿವೆಯ ಮರಗಳನ್ನೂ ಹಲವು ಕೃತಿಗಳನ್ನೂ ಕೆಡವಿತು. ಕಾಡಿನಲ್ಲಿ ಇಟ್ಟದ್ದಕ್ಕೆ ಕಾಡಿನ ಕಷ್ಟವೂ ತಪ್ಪುವುದಿಲ್ಲ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಪ್ರೆಸಿಡಿಯೊ ಉದ್ಯಾನದಲ್ಲಿ ಆ್ಯಂಡಿ ಗೋಲ್ಡ್ಸ್‌ವರ್ದಿ 2008ರಲ್ಲಿ 37 ಸೈಪ್ರೆಸ್ ಕಾಂಡಗಳನ್ನು ಜೋಡಿಸಿ ಸುಮಾರು 100 ಅಡಿ ಎತ್ತರದ 'ಸ್ಪೈರ್' ನಿಲ್ಲಿಸಿದರು. ಸುತ್ತ ನೆಟ್ಟ ಎಳೆಯ ಸೈಪ್ರೆಸ್‌ಗಳು ಬೆಳೆದು ಅದನ್ನು ಮರೆಮಾಡಬೇಕೆಂಬುದು ಯೋಜನೆ. 2020ರ ಜೂನ್‌ನಲ್ಲಿ ಅದಕ್ಕೆ ಬೆಂಕಿ ತಗುಲಿತು. ಕಪ್ಪಾಯಿತು, ಆದರೆ ಬೀಳಲಿಲ್ಲ. ಸುಟ್ಟದ್ದನ್ನು ಸುಟ್ಟ ಹಾಗೆಯೇ ಉಳಿಸಿಕೊಂಡರು.

ಉಳಿಯಲೆಂದು ಮಾಡಿದವೂ ಒಂದು ದಿನ ಹೋಗುತ್ತವೆ. ಡೀನ್ ಕಾಡಿನ ಗುಡ್ಡದ ಮೇಲೆ ಮಗ್ದಲೇನಾ ಯೆಟೆಲೊವಾ ಓಕ್ ಮರದಿಂದ ಮಾಡಿದ ದೈತ್ಯ ಕುರ್ಚಿ ಇತ್ತು, ಹೆಸರು 'ಪ್ಲೇಸ್'. ಜನರಿಗೆ ಅದರ ಮೇಲೆ ಬಹಳ ಪ್ರೀತಿ. ಸುಮಾರು 30 ವರ್ಷ ನಿಂತಿತು. ಮರ ಕೊಳೆತು ಅಪಾಯವಾಗುತ್ತದೆಂದು ಕೊನೆಗೆ ತೆಗೆದರು. ನಮ್ಮ ಹಾದಿಯಲ್ಲೂ ಅಂಥದ್ದೊಂದನ್ನು ತೆಗೆದ ದಿನ ನಾನಿದ್ದೆ. ಕಾಲುಗಳನ್ನು ಕೊಯ್ದಾಗ ಹೊರಗೆ ಅಂಗುಲದಷ್ಟು ಮರ, ಒಳಗೆಲ್ಲ ಒದ್ದೆ ಹಿಟ್ಟು. ಹೊರನೋಟಕ್ಕೆ ಅದು ಇನ್ನೂ ಹತ್ತು ವರ್ಷ ನಿಲ್ಲುವಂತಿತ್ತು. ಆ ಟೊಳ್ಳಿನಲ್ಲಿ ಜೀರುಂಡೆಯ ಮರಿಹುಳುಗಳಿದ್ದವು. ಆ ತುಂಡುಗಳನ್ನು ಪಕ್ಕದ ಪೊದೆಯ ನೆರಳಿನಲ್ಲಿ ಹಾಗೆಯೇ ಇಟ್ಟೆವು.

ನಿಮ್ಮ ತಂದೆ ಮರದ ಹಿಂದೆ ಹೋಗಿ ನೋಡಲಿ. ಬಂದವರೆಲ್ಲ ಮುಂದೆ ನಿಂತು ಚಿತ್ರ ತೆಗೆಯುತ್ತಾರೆ. ಕೆಲಸ ತಿಳಿದವನ ಜಾಣತನ ಹಿಂಬದಿಯಲ್ಲಿ, ಬುಡದಲ್ಲಿ, ನೆತ್ತಿಯಲ್ಲಿ ಇರುತ್ತದೆ.


ಬೆರಳತುದಿ:

ಮುಟ್ಟುವ ವಿಷಯ ಮಾತ್ರ ಹೇಳುತ್ತೇನೆ. ನನ್ನ ಹೆಂಡತಿಗೆ ಕಣ್ಣು ತೀರಾ ಮಂದ. ಅವಳ ಜೊತೆ ನಾಲ್ಕೈದು ಶಿಲ್ಪಹಾದಿಗಳಲ್ಲಿ ನಡೆದಿದ್ದೇನೆ. ಫಲಕದಲ್ಲಿ ಬೇಡವೆಂದು ಬರೆದಿಲ್ಲದಿದ್ದರೆ ಅಂಗೈಯಿಂದ ಮೆಲ್ಲಗೆ ಮುಟ್ಟುವುದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಕೃತಿಗಳು ಹಾಳಾಗುವುದು ಹತ್ತುವುದರಿಂದ, ಹೆಸರು ಕೊರೆಯುವುದರಿಂದ, ಪಾಚಿ ಕೆರೆಯುವುದರಿಂದ. ಪಾಚಿಯನ್ನು ಮಾತ್ರ ಮುಟ್ಟಬೇಡಿ, ಕಲ್ಲುಹೂವನ್ನೂ ಬಿಡಿ. ಉಗುರಿನಷ್ಟಗಲ ಬೆಳೆಯಲು ಅದಕ್ಕೆ ಎಷ್ಟೋ ವರ್ಷ ಬೇಕು.

ಕಣ್ಣಿಗೆ ಒಂದೇ ಆಗಿ ಕಾಣುವುದು ಕೈಗೆ ಹಾಗಿರುವುದಿಲ್ಲ. ಕಲ್ಲಿನ ಬಿಸಿಲ ಬದಿ ಬೆಚ್ಚಗೆ, ನೆರಳ ಬದಿ ಬಾವಿಯ ನೀರಿನಂತೆ ತಣ್ಣಗೆ. ತುಕ್ಕಿನ ಬಣ್ಣದ ಉಕ್ಕು ಕಂಡರೆ ಅದು ಕೆಟ್ಟುಹೋಯಿತೆಂದು ತಿಳಿಯಬೇಡಿ. ಕಾರ್ಟೆನ್ ಎಂಬ ಉಕ್ಕಿಗೆ ಆ ತುಕ್ಕೇ ಹೊದಿಕೆ, ಗಟ್ಟಿಯಾಗಿ ಕೂತು ಒಳಗಿನದನ್ನು ಕಾಯುತ್ತದೆ. ಮುಟ್ಟಿದರೆ ಕೈಗೆ ಕಿತ್ತಳೆ ಪುಡಿ ಅಂಟಿದರೆ ಅದು ಹೊಸ ಕೃತಿ, ಇಲ್ಲವೇ ಅಲ್ಲಿ ನೀರು ನಿಲ್ಲುತ್ತಿದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಲೆಕ್ಕ ತಪ್ಪಿದ್ದನ್ನು ನಾನು ಕಂಡಿಲ್ಲ.

ಫಲಕವನ್ನು ಕೊನೆಗೆ ಓದಿ. ಹೆಸರು ಮೊದಲೇ ತಿಳಿದರೆ ಕಣ್ಣು ಅದನ್ನೇ ಹುಡುಕುತ್ತದೆ.


ಸಂಜೆನಡಿಗೆ:

ಮೂವರಿಗೂ ಮನಸಾರೆ ವಂದನೆಗಳು. ಮೊನ್ನೆ ಹೋಗಿ ಬಂದೆವು. ನಡೆದದ್ದನ್ನು ಬರೆಯಬೇಕು ಎನಿಸಿತು.

ಕಚೇರಿಗೆ ಫೋನ್ ಮಾಡಿದ್ದು ಒಳ್ಳೆಯದಾಯಿತು. ನಾನು ಆರಿಸಿಕೊಂಡಿದ್ದ ನಾಲ್ಕರಲ್ಲಿ ಒಂದನ್ನು ದುರಸ್ತಿಗೆ ಒಯ್ದಿದ್ದರು. ಉಳಿದ ಮೂರನ್ನು ನೋಡೋಣವೆಂದು ಹೊರಟೆವು. ಬೆಳಗ್ಗೆ ಏಳೂವರೆಗೆ ಕಾಡು ಹೊಕ್ಕೆವು, ಎಲೆಗಳ ತುದಿಯಿಂದ ಇನ್ನೂ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಮೊದಲನೆಯದು ಬಟ್ಟಲುಗಳ ಕಲ್ಲು. ಅಪ್ಪ ಅದರ ಪಕ್ಕ ಸ್ಟೂಲ್ ಹಾಕಿಸಿಕೊಂಡು ಕುಳಿತರು, ಎರಡು ಬಟ್ಟಲಿಗೆ ಬೆರಳು ಅದ್ದಿ ನೋಡಿದರು, "ಚೆನ್ನಾಗಿದೆ" ಎಂದರು, ಎದ್ದರು. ನನಗೆ ಅಷ್ಟು ಹಿಡಿಸಿದ್ದು ಅವರಿಗೆ ಹಿಡಿಸಲಿಲ್ಲವಲ್ಲ ಎಂದು ಸ್ವಲ್ಪ ಬೇಸರವಾಯಿತು. ಕಲ್ಲು ಅವರ ಸಾಮಗ್ರಿಯಲ್ಲ, ಅದು ಆಮೇಲೆ ಹೊಳೆಯಿತು.

ಎರಡನೆಯದು ಒಂಬತ್ತನೆಯ ಅಂಕೆಯದು. ದಪ್ಪನೆಯ ಓಕ್ ಕಾಂಡದಲ್ಲಿ ಕೆತ್ತಿದ ಹೆಂಗಸಿನ ಮುಖ, ನನ್ನೆದೆಯಷ್ಟು ಎತ್ತರ. ಕಳೆದ ವರ್ಷ ಮುಂದಿನಿಂದ ಒಂದು ಚಿತ್ರ ತೆಗೆದು ಹೋಗಿದ್ದೆ. ಅಪ್ಪ ಮೊದಲು ಬುಡಕ್ಕೆ ಹೋದರು. ಎಲೆಗಳನ್ನು ಕೋಲಿನಿಂದ ಸರಿಸಿದರು. ಮರ ಮಣ್ಣಿಗೆ ತಾಗಿರಲಿಲ್ಲ. ಕೆಳಗೆ ಮೂರು ಕಲ್ಲುಗಳು, ಕಲ್ಲಿಗೂ ಮರಕ್ಕೂ ನಡುವೆ ಸೀಸದ ತಗಡು. "ತಿಳಿದವನು" ಎಂದರು. ಆಮೇಲೆ ಮುಖದ ಮೇಲೆ ಅಂಗೈ ಇಟ್ಟು ಹಣೆಯಿಂದ ಗಲ್ಲದವರೆಗೆ ಇಳಿಸಿದರು. ಏನನ್ನೋ ಹುಡುಕುತ್ತಿದ್ದರು. ಹುಬ್ಬು ಗಂಟಿಕ್ಕಿತು.

"ಇಷ್ಟು ದಪ್ಪದ ದಿಮ್ಮಿ. ತಿರುಳು ಒಳಗೇ ಇದೆ. ಮುಖ ಸೀಳಬೇಕಿತ್ತಲ್ಲ, ಒಂದು ಬಿರುಕೂ ಇಲ್ಲ" ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ನಿಂತಲ್ಲೇ ಬಿಡಿಸಿ ಹೇಳಿದರು. ಹಸಿ ದಿಮ್ಮಿ ಒಣಗುವಾಗ ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಕುಗ್ಗುವುದಿಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಉಂಗುರಗಳ ಉದ್ದಕ್ಕೆ, ಸುತ್ತಳತೆಯಲ್ಲಿ, ಹೆಚ್ಚುಕಡಿಮೆ ಎರಡು ಪಟ್ಟು ಕುಗ್ಗುತ್ತದೆ. ಆ ಎಳೆತ ತಾಳಲಾರದೆ ದಿಮ್ಮಿ ಎಲ್ಲೋ ಒಂದು ಕಡೆ ತಿರುಳಿನವರೆಗೆ ಬಿರಿಯಲೇಬೇಕು. ಎಲ್ಲಿ ಬಿರಿಯುತ್ತದೆ ಎಂದು ಮಾತ್ರ ಗೊತ್ತಿರುವುದಿಲ್ಲ. ಅಂಗಿಯ ಗುಂಡಿ ಬಿಚ್ಚದಿದ್ದರೆ ಅಂಗಿಯೇ ಹರಿಯುತ್ತದೆ ಎಂದರು.

'ಚೇಗು' ಅವರು ಹೇಳಿದ್ದು ನೆನಪಾಗಿ, "ಅಪ್ಪಾ, ಹಿಂದೆ ನೋಡೋಣ" ಎಂದೆ. ಹಿಂಬದಿಗೆ ದಾರಿಯಿರಲಿಲ್ಲ, ಜರೀಗಿಡಗಳು ಮೊಣಕಾಲೆತ್ತರ. ಕೈ ಹಿಡಿದು ಕರೆದೊಯ್ದೆ. ಅಲ್ಲಿತ್ತು ಅದು. ನೆತ್ತಿಯಿಂದ ಬುಡದವರೆಗೆ, ಗೆರೆ ಎಳೆದಂತೆ ನೇರವಾಗಿ, ಗರಗಸದಿಂದ ತಿರುಳಿನವರೆಗೆ ಕೊಯ್ದ ಸೀಳು. ಮಾಡಿದವರು ಬಿರುಕಿಗೆ ತಾವೇ ಜಾಗ ಕೊಟ್ಟಿದ್ದರು. ದಿಮ್ಮಿ ಆ ಸೀಳನ್ನೇ ಅಗಲಿಸಿಕೊಂಡು ಒಣಗಿದೆ, ಮುಖದ ತಂಟೆಗೆ ಬಂದಿಲ್ಲ.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಸೀಳಿನ ಅಂಚಿನಲ್ಲಿ ಬೆರಳು ಆಡಿಸುತ್ತಾ ನಿಂತಿದ್ದರು. ಒಳಗೆ ಒಂದು ಜೇಡ ಬಲೆ ಕಟ್ಟಿತ್ತು, ಕೆಳಗೆ ಎರಡು ಸಣ್ಣ ಅಣಬೆ. ಆಮೇಲೆ ತಾವು ಕಲಿತ ದಿನಗಳ ಮಾತು ತೆಗೆದರು. ಅವರ ಗುರುಗಳು ದೊಡ್ಡ ಕಂಬಗಳಿಗೆ ಗೋಡೆಯ ಬದಿಗೆ ಹೀಗೆಯೇ ಕೊಯ್ಯಿಸುತ್ತಿದ್ದರಂತೆ. ಒಮ್ಮೆ ಅಪ್ಪ ಬೇಸರಪಟ್ಟು ಆ ಕೊಯ್ತವನ್ನು ಅರ್ಧಕ್ಕೇ ಬಿಟ್ಟು, ಪೂರ್ತಿ ಮಾಡಿದ್ದೇನೆಂದು ಸುಳ್ಳು ಹೇಳಿದರಂತೆ. ಬೇಸಿಗೆ ಕಳೆಯುವಷ್ಟರಲ್ಲಿ ಕಂಬದ ಮುಂಭಾಗ ಒಡೆದು ಎಲ್ಲ ಬಯಲಾಯಿತು. ಐವತ್ತು ವರ್ಷದ ಹಿಂದಿನ ಈ ಸಂಗತಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅದನ್ನು ಹೇಳಲು ಅವರಿಗೆ ಈ ಮರದ ಬೆನ್ನು ಬೇಕಾಗಿತ್ತು.

ಮಳೆಗೆ ಬಿಟ್ಟ ಮರದ ಪ್ರಶ್ನೆಯನ್ನು ನಾನೇ ಎತ್ತಿದೆ. ಕಂಬಗಳ ಹೊಟ್ಟೆಯೊಳಗೆ ಸಸಿ ನೆಟ್ಟವರ ಕಥೆ ಹೇಳಿದೆ. ಕೇಳಿಸಿಕೊಂಡರು. "ಅವರದು ಬೇರೆ ಲೆಕ್ಕ. ಇವನು ಉಳಿಸಬೇಕೆಂದೇ ಮಾಡಿದ್ದಾನೆ, ನೋಡು ನೆತ್ತಿಯನ್ನು ಹೇಗೆ ಇಳಿಜಾರು ಮಾಡಿದ್ದಾನೆ" ಎಂದರು. ಆದರೆ ನೀರು ಆ ಸೀಳಿನ ಮೇಲ್ತುದಿಗೇ ಹರಿದು ಬರುತ್ತದೆ, ಅಲ್ಲೊಂದು ಮುಚ್ಚಳ ಬೇಕಿತ್ತು ಎಂಬುದು ಅವರ ತಕರಾರು. ಅದನ್ನು ಕಚೇರಿಯವರಿಗೆ ತಿಳಿಸಬೇಕೆಂದು ಹಟ ಹಿಡಿದರು. ವಾಪಸು ಬರುವಾಗ ತಿಳಿಸಿದೆವು. ಅಲ್ಲಿದ್ದ ಹುಡುಗಿ ಅಕ್ಕರೆಯಿಂದ ಬರೆದುಕೊಂಡಳು, ಅಪ್ಪ ನಕ್ಷೆಯ ಅಂಚಿನಲ್ಲಿ ಮುಚ್ಚಳದ ಚಿತ್ರವನ್ನೂ ಬರೆದುಕೊಟ್ಟರು.

ಮೂರನೆಯ ಕೃತಿಗೆ ಹೋಗಲೇ ಇಲ್ಲ. ಒಂಬತ್ತನೆಯದರ ಬಳಿಯೇ ಒಂದೂವರೆ ಗಂಟೆ ಕಳೆದಿತ್ತು, ಮಂಡಿಯೂ ಸಾಕೆನ್ನುತ್ತಿತ್ತು. ಫಲಕ ಓದಲೂ ಮರೆತೆವು. ಆ ಮುಖದ ಹೆಸರು ನಮಗೆ ಇನ್ನೂ ಗೊತ್ತಿಲ್ಲ.

ಹೊರಡುವ ಮುಂಚೆ ಅಪ್ಪ ಜೇಬಿನಿಂದ ಆರಂಗುಲದ ಉಕ್ಕಿನ ಅಳತೆಪಟ್ಟಿ ತೆಗೆದರು. ಅದನ್ನು ತಂದಿದ್ದಾರೆಂದೇ ನನಗೆ ಗೊತ್ತಿರಲಿಲ್ಲ. ಸೀಳಿನ ಅಗಲ ಅಳೆದು ನನ್ನ ಕೈಯಲ್ಲಿ ಬರೆಸಿದರು: ನೆತ್ತಿಯ ಹತ್ತಿರ 23 ಮಿಲಿಮೀಟರ್, ನಡುವೆ 19, ಬುಡದಲ್ಲಿ 14. ಕೆಳಗೆ ತಾರೀಖು. ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬಿದಾಗ ಇದು ಎಷ್ಟು ಕೂಡಿಕೊಳ್ಳುತ್ತದೆಂದು ನೋಡಬೇಕಂತೆ. ಆ ಕಾಗದ ಈಗ ಅವರ ಕನ್ನಡಕದ ಪೆಟ್ಟಿಗೆಯಲ್ಲಿದೆ.